ಮಾತಾಡುವ ಮೀಟರು

"ಗುರುಗಳೇ, ಮುಖ ಗಂಟಿಕ್ಕಿಕೊಂಡು ಬಡಿಸಿದರೆ ಅನ್ನದ ರುಚಿ ಕೆಡುತ್ತದೆಯೇ?" ಎಂದು ಶಿಷ್ಯ ಕೇಳಿದ. ಮಠದ ಪಂಕ್ತಿಯಲ್ಲಿ ಮತ್ತೆ ಮತ್ತೆ ಸಾರು ಕೇಳಿದ ಮುದುಕಿಯೊಬ್ಬಳ ಮೇಲೆ ಅವನು ಅಂದು ರೇಗಿದ್ದ. ಹಾಗೆಂದು ಬಡಿಸುವುದನ್ನೇನೂ ಬಿಟ್ಟಿರಲಿಲ್ಲ. ಆದ್ದರಿಂದ ತನ್ನದು ತಪ್ಪಲ್ಲ ಎಂಬುದು ಅವನ ವಾದ.

ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕತೆ ಹೇಳಿದರು.

ಒಂದು ಪೇಟೆಯಲ್ಲಿ ಅಣ್ಣ ತಮ್ಮ ಇಬ್ಬರು ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿ ಇಟ್ಟಿದ್ದರು. ಅಣ್ಣ ಮದುವೆಯಾಗಿರಲಿಲ್ಲ. ಅವನಿಗೆ ಅಂಗಡಿ, ತಮ್ಮ, ಇಷ್ಟೇ ಬದುಕು. ಕಾಯಿಲೆ ಬಂದು ಅವನ ಕಣ್ಣು ಹೋಯಿತು. ಕಣ್ಣು ಹೋದರೂ ಕೈ ಹೋಗಿರಲಿಲ್ಲ. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಬೆರಳಲ್ಲೇ ತಿಳಿಯುತ್ತಿದ್ದ. ತಿಳಿಯದೆ ಇದ್ದದ್ದು ಒಂದೇ, ಕೈಯಲ್ಲಿ ಹಿಡಿದು ಕರೆಂಟು ಅಳೆಯುವ ಮೀಟರು ತೋರಿಸುವ ಅಂಕಿ. ಅದಕ್ಕೆ ತಮ್ಮನನ್ನು ಕೇಳುತ್ತಿದ್ದ. "ಎಷ್ಟು ತೋರಿಸ್ತಿದೆ, ನೋಡೋ."

ಮೊದಮೊದಲು ತಮ್ಮ ಎದ್ದು ಬಂದು ನೋಡಿ ಹೇಳುತ್ತಿದ್ದ. ಆಮೇಲೆ ಕೂತಲ್ಲಿಂದಲೇ ಕತ್ತು ಚಾಚಿ ಹೇಳತೊಡಗಿದ. ಬರಬರುತ್ತಾ ಹೇಳುವ ಮುಂಚೆ ಒಂದು ನಿಟ್ಟುಸಿರು ಸೇರಿಕೊಂಡಿತು. ಅದೇ ಪ್ರಶ್ನೆ ಕೇಳಿ ಕೇಳಿ ಅವನ ತಲೆ ಚಿಟ್ಟು ಹಿಡಿದಿತ್ತು. ಒಂದು ದಿನ ಅಂಗಡಿ ತುಂಬ ಗಿರಾಕಿಗಳಿರುವಾಗ ಅಣ್ಣ ಕೇಳಿದ. ತಮ್ಮ, "ನಿನಗೆ ಕಣ್ಣಾಗಿ ಕೂರೋದೇ ಆಯ್ತಲ್ಲ ನನ್ನ ಬಾಳು" ಅಂದುಬಿಟ್ಟ. ಗಿರಾಕಿಗಳೆಲ್ಲ ಬೇರೆ ಕಡೆ ನೋಡಿದರು. ಅಣ್ಣ ಮೀಟರನ್ನು ಮೆಲ್ಲಗೆ ಕೆಳಗಿಟ್ಟ. ಅಂದು ಅವನು ಮತ್ತೆ ಕೇಳಲಿಲ್ಲ, ಕೆಲಸವನ್ನೂ ಮಾಡಲಿಲ್ಲ.

ತಮ್ಮನಿಗೆ ನಾಚಿಕೆಯಾಯಿತು. ಆದರೆ ಬುದ್ಧಿವಂತರ ನಾಚಿಕೆ ಬಹಳ ಹೊತ್ತು ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಉಪಾಯ ಹುಡುಕುತ್ತದೆ. ಅಣ್ಣನ ಹತ್ತಿರ ಹೋಗಿ ತಪ್ಪಾಯಿತು ಎನ್ನುವ ಬದಲು ಅವನು ಮೀಟರನ್ನು ಬಿಚ್ಚಿದ. ಒಳಗೆ ಉಗುರಿನಷ್ಟಗಲದ ಒಂದು ಮೈಕ್ರೋಕಂಟ್ರೋಲರ್ ಚಿಪ್ ಕೂರಿಸಿದ, ಜೊತೆಗೆ ಒಂದು ಪುಟ್ಟ ಸ್ಪೀಕರು. ಮೀಟರು ಅಳೆದ ಅಂಕಿಯನ್ನು ಆ ಚಿಪ್ ಓದಿ ಗಟ್ಟಿಯಾಗಿ ಹೇಳಬೇಕು. ಹೇಳುವುದಕ್ಕೆ ದನಿ ಬೇಕಲ್ಲ, ತನ್ನದನ್ನೇ ಕೊಟ್ಟ. ಅಂಕಿಗಳನ್ನು ಒಂದೊಂದಾಗಿ ಹೇಳಿ ಅದರೊಳಗೆ ತುಂಬಿಸಿದ. ಅವಸರದಲ್ಲಿ ಹೇಳಿದರೆ ಸ್ಪೀಕರಿನಲ್ಲಿ ಅರ್ಧ ಮಾತು ನುಂಗಿಹೋಗುತ್ತಿತ್ತು, ಸಿಡುಕಿ ಹೇಳಿದರೆ ಬರೀ ಗರಗರ. ಆದ್ದರಿಂದ ನಿಧಾನವಾಗಿ, ಮೆತ್ತಗೆ, ಬೇಕಾದವರ ಪಕ್ಕದಲ್ಲಿ ಕೂತು ಹೇಳುವಂತೆ ಹೇಳಿದ.

ಅಣ್ಣ ಮತ್ತೆ ಕೆಲಸಕ್ಕೆ ಕೂತ. ಮೀಟರಿನ ತಂತಿಯ ಮೊನೆ ತಾಗಿಸಿದರೆ ಸಾಕು, ಅಂಕಿಯನ್ನು ಅದೇ ಹೇಳುತ್ತಿತ್ತು. ತಮ್ಮನನ್ನು ಕೇಳುವುದು ನಿಂತೇ ಹೋಯಿತು. ಒಂದೇ ಮೇಜಿನ ಎರಡು ಬದಿಗೆ ಕೂತು ಇಬ್ಬರೂ ದಿನ ಕಳೆಯುತ್ತಿದ್ದರು, ಮಾತಾಡುವುದು ಮೀಟರು ಮಾತ್ರ. ಒಡಹುಟ್ಟಿದವನೆಂದರೆ ಹೀಗಿರಬೇಕು ಎಂದು ಪೇಟೆಯೆಲ್ಲ ತಮ್ಮನನ್ನು ಹೊಗಳಿತು. ಹೊಗಳಿಕೆ ಯಾರಿಗೆ ಕಹಿ? ಅಣ್ಣನಿಗಾಗಿ ಮಾಡಿದೆ ಎಂದು ಅವನು ಎಲ್ಲರಿಗೂ ಹೇಳಿದ, ತನಗೂ ಹಾಗೆಯೇ ಹೇಳಿಕೊಂಡ.

ಒಂದು ಮಧ್ಯಾಹ್ನ ಅವನು ಊಟ ಮುಗಿಸಿ ಅಂಗಡಿಗೆ ಬಂದಾಗ ಒಳಗಿನಿಂದ ತನ್ನದೇ ದನಿ ಕೇಳಿಸಿತು. "ಒಂದು ಪಾಯಿಂಟ್ ಐದು ವೋಲ್ಟ್." ಸ್ವಲ್ಪ ತಡೆದು ಮತ್ತೆ ಅದೇ. ಮತ್ತೆ ಅದೇ. ಬಾಗಿಲಲ್ಲಿ ನಿಂತು ನೋಡಿದ. ಅಣ್ಣನ ಮುಂದೆ ಬಿಚ್ಚಿದ ರೇಡಿಯೋ ಇರಲಿಲ್ಲ, ಒಂದು ಹೊಸ ಬ್ಯಾಟರಿ ಸೆಲ್ ಇತ್ತು. ಅದಕ್ಕೆ ಮೊನೆ ತಾಗಿಸಿ, ತಲೆ ಓರೆ ಮಾಡಿ ಕೇಳಿ, ಮತ್ತೆ ತಾಗಿಸುತ್ತಿದ್ದ.

"ಆ ಸೆಲ್ ಸರಿಯಾಗೇ ಇದೆಯಲ್ಲಣ್ಣ, ಅದನ್ನೇ ಯಾಕೆ ಅಳೀತಿದ್ದೀಯ?"

ಅಣ್ಣ ಕದ್ದು ಸಿಕ್ಕಿಬಿದ್ದವನಂತೆ ಸೆಲ್ಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. "ಅಳೆಯೋಕಲ್ಲ ಕಣೋ," ಅಂದ. "ನೀನು ಮುಂಚೆ ಹಿಂಗೇ ಮಾತಾಡ್ತಿದ್ದೆ. ಕೇಳಿ ಬಹಳ ದಿನ ಆಗಿತ್ತು."

ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು ತಮ್ಮನಿಗೆ. ಗಿರಾಕಿಗಳ ಮುಂದೆ ರೇಗಿದ ದಿನದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಒಂದು ಯಂತ್ರಕ್ಕೆ ಕೊಟ್ಟ ದನಿಯನ್ನು ಅವನು ಅಣ್ಣನಿಗೆ ಕೊಟ್ಟಿರಲಿಲ್ಲ. ಅಣ್ಣ ಅದನ್ನು ಯಾರಿಗೂ ಗೊತ್ತಾಗದ ಹಾಗೆ ಯಂತ್ರದಿಂದ ಪಡೆದುಕೊಳ್ಳುತ್ತಿದ್ದ. ತಾನು ಮೀಟರಿಗೆ ಬಾಯಿ ಕೊಟ್ಟದ್ದು ಅಣ್ಣನ ಬಾಯಿ ಮುಚ್ಚಿಸುವುದಕ್ಕೆ ಎಂದು ಅವನಿಗೆ ಆಗ ತಿಳಿಯಿತು. ಹೊಗಳಿದವರ ಪೈಕಿ ಒಬ್ಬರಿಗೂ ಅದು ತಿಳಿದಿರಲಿಲ್ಲ.

ಅವನು ಅಣ್ಣನ ಪಕ್ಕದಲ್ಲಿ ಬಂದು ಕೂತ. "ಆ ಮೀಟರು ಬದಿಗಿಡಣ್ಣ. ಇನ್ಮೇಲೆ ನನ್ನೇ ಕೇಳು, ಎಷ್ಟು ಸಲ ಬೇಕಾದ್ರೂ ಹೇಳ್ತೀನಿ."

ಅಣ್ಣ ನಕ್ಕ. "ಪರವಾಗಿಲ್ಲ ಬಿಡಪ್ಪ, ಇದು ಹೇಳುತ್ತೆ. ನಿನಗ್ಯಾಕೆ ತೊಂದರೆ" ಅಂದ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದಿದ್ದರೆ ತಮ್ಮ ಹೇಗೋ ತಡೆದುಕೊಳ್ಳುತ್ತಿದ್ದ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯನಿಗೆ ತಲೆ ಎತ್ತಲಾಗಲಿಲ್ಲ. ನೆಲ ನೋಡುತ್ತಲೇ, "ಆಮೇಲೆ ತಮ್ಮ ಏನು ಮಾಡಿದ, ಗುರುಗಳೇ?" ಎಂದು ಕೇಳಿದ.

"ಅಣ್ಣ ಒಂದು ಸಲ ಕೇಳಲಿ ಎಂದು ಇವತ್ತಿಗೂ ಪಕ್ಕದಲ್ಲೇ ಕೂತಿದ್ದಾನೆ, ಅಣ್ಣ ಇನ್ನೂ ಕೇಳಿಲ್ಲ."