ಹತ್ತು ಗಂಟೆಯ ಹಪ್ಪಳ

ಇದನ್ನು ಮೊದಲು ಹೇಳಿದವರು ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಿದ್ದ ವಾರಿಜಾಕ್ಷಿ ಮೇಡಂ. ಅವರ ಶಿಷ್ಯೆ ಒಂದು ದಿನ ಕೇಳಿದಳು: "ಮೇಡಂ, ಒಳ್ಳೆಯದಾದರೆ ಕೈಮುಗಿಯುತ್ತೇವೆ. ಅಷ್ಟು ಸಾಲದೇ?"

ಮೇಡಂ ಕತೆ ಹೇಳಿದರು.

ಒಬ್ಬ ಕುಲುಮೆಗಾರನಿದ್ದ. ಕಚ್ಚಾ ಎಣ್ಣೆ ಕಾಯಿಸುವ ಕುಲುಮೆಯನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವನು. ಅದರಲ್ಲಿ ಉರಿಯುತ್ತಿದ್ದುದು ತಳದಲ್ಲುಳಿದ ಡಾಂಬರಿನಂಥ ಎಣ್ಣೆ. ದಿನಾ ಬೆಳಿಗ್ಗೆ ಹತ್ತಕ್ಕೆ ಹಬೆ ಊದಿ ಕೊಳವೆಗಳ ಮಸಿ ಉದುರಿಸಬೇಕು. ಆ ಮಸಿ ಚಿಮಣಿಯಿಂದ ಹೊರಟು ಗೋಡೆಯಾಚೆಯ ಬೀದಿಗೆ ಬೀಳುತ್ತಿತ್ತು. ಬೀದಿಯ ತುಂಬ ಹಪ್ಪಳ ಒಣಗಿಸುವ ಮನೆಗಳು. ಊದುವ ಮೊದಲು ಅಲ್ಲಿಗೆ ಹೇಳಿ ಕಳಿಸುವುದು ಅವನು ತಾನಾಗಿ ಹಾಕಿಕೊಂಡ ಪದ್ಧತಿ. ಕಂಪನಿಯ ಯಾವ ನಿಯಮದಲ್ಲೂ ಇರಲಿಲ್ಲ.

ಕೊನೆಗೆ ಎಣ್ಣೆ ಹೋಗಿ ಗ್ಯಾಸ್ ಬಂತು. ಮಸಿ ನಿಂತಿತು, ಬೀದಿಗೆ ಹೇಳಿ ಕಳಿಸುವುದೂ ನಿಂತಿತು. ಅವನು ಚಿಮಣಿಗೆ ಕೈಮುಗಿದ. ಆದರೆ ಇಂಧನದ ಖರ್ಚು ಮಾತ್ರ ಅಂದುಕೊಂಡಷ್ಟು ಇಳಿಯಲಿಲ್ಲ. ಹೀಗೇ ಆದರೆ ತಿಂಗಳ ಕೊನೆಗೆ ಮತ್ತೆ ಎಣ್ಣೆಯೇ ಎಂದರು ಮೇಲಿನವರು. ಅವನು ಬರ್ನರ್ ನೋಡಿದ, ಕೊಳವೆ ನೋಡಿದ, ತನ್ನ ಕೈಯೊಂದನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದ.

ಒಂದು ಬೆಳಿಗ್ಗೆ ಬೀದಿಯ ಹೆಂಗಸೊಬ್ಬಳು ಒಂದು ಕಟ್ಟು ಹಪ್ಪಳ ಹಿಡಿದು ಗೇಟಿಗೆ ಬಂದಳು.

"ಏನು ಮಾರಾಯ್ರೆ, ಮೂರು ವಾರದಿಂದ ಸುದ್ದಿಯೇ ಇಲ್ಲ. ಹುಷಾರಿಲ್ಲವೋ ಅಂತ ನೋಡಲಿಕ್ಕೆ ಬಂದೆ. ನಮ್ಮ ಚಿಂತೆ ಬೇಡ, ಹತ್ತಕ್ಕೆ ನಾವೇ ಹಪ್ಪಳ ಒಳಗೆ ತೆಗೀತೇವೆ."

"ಮಸಿ ನಿಂತು ಮೂರು ವಾರ ಆಯ್ತಲ್ಲ ಅಕ್ಕ. ಅಷ್ಟು ಒಳ್ಳೆ ಬಿಸಿಲು ಬಿಟ್ಟು ಯಾಕೆ ತೆಗೆಯುವುದು?"

"ಗೊತ್ತುಂಟು, ಅಂಗಳ ಚೊಕ್ಕವೇ ಇದೆ. ಆದ್ರೂ ಹತ್ತು ಹೊಡೆದ್ರೆ ಕೈ ಕೇಳುವುದಿಲ್ಲ."

ಅವನಿಗೆ ನಗು ಬಂತು, ಅರ್ಧದಲ್ಲೇ ನಿಂತಿತು. ದಪ್ಪ ಎಣ್ಣೆ ಸರಿಯಾಗಿ ಉರಿಯಲು ಹೆಚ್ಚು ಗಾಳಿ ಬೇಕು, ಗ್ಯಾಸಿಗೆ ಅಷ್ಟು ಬೇಡ. ಅವನ ಕೈ ಇನ್ನೂ ಕುಲುಮೆಗೆ ಗಾಳಿ ಬಿಡುವ ಬಾಗಿಲನ್ನು ಹಳೆಯ ಗುರುತಿಗೇ ತೆರೆಯುತ್ತಿತ್ತು. ಬೇಡದ ಗಾಳಿ ಕುಲುಮೆಯ ಕಾವನ್ನು ಹೊತ್ತುಕೊಂಡು ಆಕಾಶಕ್ಕೆ ಹೋಗುತ್ತಿತ್ತು.

ಹಪ್ಪಳದ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಒಳಗೆ ಹೋಗಿ, ಮೀಟರು ನೋಡುತ್ತ, ಬಾಗಿಲನ್ನು ಸ್ವಲ್ಪಸ್ವಲ್ಪವೇ ಮುಚ್ಚಿದ. ತಿಂಗಳ ಕೊನೆಗೆ ಇಂಧನದ ಖರ್ಚು ಇಳಿದಿತ್ತು, ಎಣ್ಣೆ ಮತ್ತೆ ಬರಲಿಲ್ಲ. ಹಪ್ಪಳ ಕರಿಸಿ ಮೇಲಿನವರಿಗೂ ಹಂಚಿದ. ಯಾತಕ್ಕೆಂದು ಹೇಳಲಿಲ್ಲ.

"ಹಾಗಾದರೆ ಮೊದಲ ದಿನ ಅವನು ಕೈಮುಗಿದದ್ದು ಸುಳ್ಳೇ ಮೇಡಂ?"

"ಸುಳ್ಳಲ್ಲ, ಅರ್ಧ. ಕೈ ಇನ್ನೂ ಹಳೆಯ ಗುರುತಲ್ಲೇ ಇತ್ತಲ್ಲ," ಎಂದರು ಮೇಡಂ. ಶಿಷ್ಯೆ ತನ್ನ ಕೈಗಳನ್ನು ನೋಡಿಕೊಂಡಳು.

"ಇನ್ನೂ ಎಷ್ಟು ಬೀದಿಗಳಲ್ಲಿ ಹತ್ತಕ್ಕೆ ಹಪ್ಪಳ ಒಳಗೆ ಹೋಗುತ್ತಿದೆಯೋ, ಏಳು, ಮಸಿ ನಿಂತಿದೆ ಎಂದು ಹೇಳಿ ಬಾ."