ಹಳೇ ಯಜಮಾನನ ಕೆಂಪು ಗಾಡಿ

ಒಂದಾನೊಂದು ಊರಿನಲ್ಲಿ ಒಬ್ಬ ದೊರೆ ಇದ್ದ. ಊರಿನ ಹೆಸರು ಉಬ್ಬುಗೆರೆ. ದೊರೆಯ ಹೆಸರು ಯಾರಿಗೂ ನೆನಪಿಲ್ಲ, ಅವನ ಚಟ ಮಾತ್ರ ಎಲ್ಲರಿಗೂ ನೆನಪಿದೆ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಸಂಗೀತ ಬೇಡ. ಮೈಲೇಜು ಬೇಕು. ಕುದುರೆ ಕಂಡರೆ "ಎಷ್ಟು ಕೊಡುತ್ತೆ?" ಎನ್ನುತ್ತಿದ್ದ. ಮದುವೆಗೆ ಹೋದರೆ ಮದುಮಗನನ್ನು ತೋರಿಸಿ "ಎಷ್ಟು ಕೊಡುತ್ತೆ?" ಎನ್ನುತ್ತಿದ್ದ. ಬೆಳಿಗ್ಗೆ ಎದ್ದು ಸೂರ್ಯನನ್ನೂ ಅದನ್ನೇ ಕೇಳುತ್ತಿದ್ದ. ಸೂರ್ಯ ನಾಚಿಕೊಂಡು ಮೋಡದ ಹಿಂದೆ ಹೋಗುತ್ತಿದ್ದ. ಆ ಊರಿನವರು ಅದನ್ನೇ ಮಳೆಗಾಲ ಎಂದು ಕರೆಯುತ್ತಿದ್ದರು.

ಈ ದೊರೆ ಒಂದು ಕಾನೂನು ಮಾಡಿದ. ಯಾರು ಏನನ್ನೇ ಕೊಂಡರೂ ಒಂದೇ ಒಂದು ಪ್ರಶ್ನೆ ಕೇಳಬಹುದು. ಇನ್ನೊಂದು ಕೇಳಿದರೆ ನಾಲಿಗೆಗೆ ಬೀಗ. ಜನ ಬುದ್ಧಿವಂತರು ನೋಡಿ, ಇರುವುದೊಂದು ಪ್ರಶ್ನೆ, ಅದು ದೊರೆಗೆ ಇಷ್ಟವಾದದ್ದೇ ಆಗಿರಲಿ ಎಂದು ಎಲ್ಲರೂ "ಎಷ್ಟು ಕೊಡುತ್ತೆ?" ಎಂದೇ ಕೇಳತೊಡಗಿದರು. ಬದನೆಕಾಯಿಗೂ ಅದೇ ಪ್ರಶ್ನೆ. ಮನೆಗೆ ಬಂದು ಕೊಯ್ದು ನೋಡಿದರೆ ಒಳಗೆಲ್ಲ ಹುಳ. "ಇರಲಿ ಬಿಡು, ಮೈಲೇಜು ಚೆನ್ನಾಗಿದೆ" ಎಂದು ಪಲ್ಯ ಮಾಡಿಕೊಂಡು ತಿನ್ನುತ್ತಿದ್ದರು. ನೀವು ನಗಬೇಡಿ. ನಿಮ್ಮ ಮನೆಯ ಬದನೆಕಾಯಿ ನಾನು ನೋಡಿದ್ದೇನೆ.

ಆ ಊರಿನಲ್ಲಿ ಕರಿಬಸಪ್ಪ ಎಂಬ ಮಂಡಕ್ಕಿ ಅಂಗಡಿಯವನು ಸುಖವಾಗಿದ್ದ. ಮಧ್ಯಾಹ್ನ ಅಂಗಡಿ ಬಾಗಿಲು ಎಳೆದುಕೊಂಡು ಗೊರಕೆ ಹೊಡೆಯುವ ಒಂದು ನಿದ್ದೆ ಅವನಿಗಿತ್ತು. ಸಂಜೆ ಹರಟೆಗೆ ಬೇವಿನ ಕಟ್ಟೆಯ ಮೇಲೆ ಒಂದು ಜಾಗ ಇತ್ತು. ಮನೆಯಲ್ಲಿ ಹೆಂಡತಿ ಹಾಲಮ್ಮ ಊಟಕ್ಕೆ ಹಾಕುವ ಒಂದು ಮಣೆ ಇತ್ತು. ಮಣೆಯ ಮುಂದೆ ಬಿಸಿ ರೊಟ್ಟಿ ಇತ್ತು. ಇಷ್ಟೆಲ್ಲ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ ಅಷ್ಟೆ.

ಒಂದು ದಿನ ಕಾಲೇಜು ಹುಡುಗಿಯೊಬ್ಬಳು ಅಂಗಡಿಗೆ ಬಂದು, "ಅಂಕಲ್, ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಿ" ಎಂದಳು. ಕರಿಬಸಪ್ಪ ಈರುಳ್ಳಿ ಹಾಕಿದ. ಆಮೇಲೆ ಕನ್ನಡಿ ನೋಡಿದ. ಆಮೇಲೆ ಬೀದಿಯ ಕೊನೆಯಲ್ಲಿ ಓಂಕಾರಪ್ಪನ ಮನೆ ಮುಂದೆ 'ಮಾರಾಟಕ್ಕಿದೆ' ಎಂಬ ಚೀಟಿ ಅಂಟಿಸಿಕೊಂಡು ನಿಂತಿದ್ದ ಕೆಂಪು ಸ್ಪೋರ್ಟ್ಸ್ ಬೈಕನ್ನು ನೋಡಿದ. ಅಂಕಲ್ ಎನಿಸಿಕೊಂಡ ರೋಗಕ್ಕೆ ಮದ್ದು ಅಲ್ಲಿದೆ ಎಂದು ಅವನಿಗೆ ಖಾತ್ರಿಯಾಯಿತು.

ಆ ಗಾಡಿ ನಡುತೂಕದ್ದು. ಅಂದರೆ ಗಲ್ಲಿಯೊಳಗೆ ತಿರುಗಿಸಲು ದೊಡ್ಡದಾಯಿತು, ಎದೆ ಉಬ್ಬಿಸಿ ಹೇಳಿಕೊಳ್ಳಲು ಚಿಕ್ಕದಾಯಿತು. ಸವಾರ ಅದರ ಮೇಲೆ ಕೂರುವಂತಿಲ್ಲ, ಪೆಟ್ರೋಲ್ ಟ್ಯಾಂಕಿಗೆ ಅಡ್ಡಬೀಳಬೇಕು. ಹಿಂದಿನ ಸೀಟು ಒಂದು ಇಡ್ಲಿಯಷ್ಟಿತ್ತು. ಸವಾರನ ಹೆಂಡತಿ ಎಲ್ಲಿ ಕೂರಬೇಕೆಂದು ಗಾಡಿ ಮಾಡಿದವನು ಯೋಚಿಸಿಯೇ ಇರಲಿಲ್ಲ. ಗಾಡಿಗೆ ಹೆಂಡತಿ ಇರುವುದಿಲ್ಲವಲ್ಲ, ಹಾಗಾಗಿ.

ಮನೆಗೆ ಬಂದು ಹೇಳಿದಾಗ ಹಾಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಏನ್ರೀ, ಅಷ್ಟು ಚೆನ್ನಾಗಿರೋ ಗಾಡೀನ ಆ ಮನುಷ್ಯ ಯಾಕೆ ಮಾರ್ತಾನಂತೆ? ಅದನ್ನ ಕೇಳ್ರಿ ಮೊದಲು."

"ಇರೋದೇ ಒಂದು ಪ್ರಶ್ನೆ ಕಣೇ. ಅದನ್ನ ಇಂಥದಕ್ಕೆಲ್ಲ ಖರ್ಚು ಮಾಡೋಕಾಗುತ್ತಾ?" ಎಂದ ಕರಿಬಸಪ್ಪ.

ಅವನು ಓಂಕಾರಪ್ಪನ ಮನೆಗೆ ಹೋದ. ಓಂಕಾರಪ್ಪ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಹೊರಗೆ ಬಂದ. "ಶೋರೂಮ್ ಕಂಡೀಷನ್ ಸಾರ್. ನಾನೊಬ್ಬನೇ ಓಡಿಸಿದ್ದು. ನೀವು ಬರೀ ಪೆಟ್ರೋಲ್ ಹಾಕ್ಕೊಂಡು ಓಡಿಸೋದು ಅಷ್ಟೆ. ಕೇಳಿ, ಏನು ಕೇಳ್ತೀರೋ ಕೇಳಿ" ಎಂದು ಆಸೆಯಿಂದ ಅವನ ಬಾಯನ್ನೇ ನೋಡಿದ.

"ಎಷ್ಟು ಕೊಡುತ್ತೆ?"

ಓಂಕಾರಪ್ಪನ ಮುಖ ಬಾಡಿತು. "ಇದು ಕೊಡೋದಿಲ್ಲ ಸಾರ್. ತಗೊಳ್ಳುತ್ತೆ" ಎಂದ.

ಒಳ್ಳೇ ತಮಾಷೆ ಎಂದು ಕರಿಬಸಪ್ಪ ಹೊಟ್ಟೆ ಹಿಡಿದು ನಕ್ಕ. ಬೆಲೆಯ ಮಾತು ಬಂತು. ಓಂಕಾರಪ್ಪ ಹಣ ಬೇಡ ಎಂದ. "ಈ ಗಾಡಿ ಇರೋನಿಗೆ ಮಧ್ಯಾಹ್ನ ನಿದ್ದೆ ಬರಲ್ಲ. ಸುಮ್ಮನೆ ವ್ಯರ್ಥ ಆಗುತ್ತೆ. ನಿಮ್ಮ ನಿದ್ದೆ ನನಗೆ ಕೊಟ್ಟುಬಿಡಿ."

ನಿದ್ದೆ ಕೊಟ್ಟು ಗಾಡಿ ಪಡೆಯುವುದೆಂದರೆ ಪುಕ್ಕಟೆ ಎಂದೇ ಲೆಕ್ಕ. ಕರಿಬಸಪ್ಪ ಒಂದು ಆಕಳಿಕೆ ಸಮೇತ ಕೊಟ್ಟುಬಿಟ್ಟ. ಓಂಕಾರಪ್ಪ ಅಲ್ಲೇ ಜಗಲಿಯ ಮೇಲೆ ಉರುಳಿಕೊಂಡ. ಕರಿಬಸಪ್ಪ ಗಾಡಿಯನ್ನು ತಳ್ಳಿಕೊಂಡು ಮನೆಗೆ ತಂದ. ಹಾಲಮ್ಮ ಅರಿಶಿನ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಕರಿಬಸಪ್ಪ ಸ್ಟಾರ್ಟ್ ಬಟನ್ ಒತ್ತಿದ.

"ಯಾರಪ್ಪಾ ನೀನು?" ಎಂದಿತು ಗಾಡಿ.

"ನಿನ್ನ ಯಜಮಾನ."

"ನಮ್ಮ ಯಜಮಾನರು ಓಂಕಾರಪ್ಪೋರು. ಅವರು ಕರೀ ಜಾಕೆಟ್ ಹಾಕದೆ ನನ್ನನ್ನ ಮುಟ್ಟಿದವರೇ ಅಲ್ಲ. ನೀನೋ ಬನಿಯನ್ ಮೇಲೆ ಬಂದಿದೀಯ. ಮಂಡಕ್ಕಿ ವಾಸನೆ ಬೇರೆ."

ನಿಂಬೆಹಣ್ಣು ಹಾಗೇ ಉಳಿಯಿತು. ಕರಿಬಸಪ್ಪ ಓಂಕಾರಪ್ಪನ ಮನೆಗೆ ಓಡಿದ. "ಆ ಜಾಕೆಟ್ ಬೇಕಿತ್ತು. ಎಷ್ಟು ಕೊಡುತ್ತೆ?"

"ಬೆವರು ಕೊಡುತ್ತೆ, ಬೇಕಾದಷ್ಟು" ಎಂದು ಓಂಕಾರಪ್ಪ ನಿಟ್ಟುಸಿರು ಬಿಟ್ಟ. "ಅದನ್ನ ಹಾಕ್ಕೊಂಡು ಕಟ್ಟೆ ಮೇಲೆ ಕೂತರೆ ಬೆಂದು ಹೋಗ್ತೀರ. ನಿಮ್ಮ ಕಟ್ಟೆ ಜಾಗ ನನಗಿರಲಿ."

ಜಾಕೆಟ್ ಬಂತು. ಜಾಗ ಹೋಯಿತು. ಗಾಡಿ ಗುಡುಗಿತು. ನಿಂಬೆಹಣ್ಣು ಪಚಕ್ ಎಂದಿತು. ಕರಿಬಸಪ್ಪ ಬೀದಿಗೆ ಇಳಿದ. ಆಹಾ, ಆ ಕ್ಷಣ ಅವನಿಗೆ ನಿಜಕ್ಕೂ ಸಂತೋಷವಾಯಿತು, ಅದನ್ನು ನಾನು ಸುಳ್ಳು ಎನ್ನುವುದಿಲ್ಲ. ಎದೆಯೊಳಗೆ ಹದಿನೆಂಟರ ಹುಡುಗನೊಬ್ಬ ಎದ್ದು ಕೂತು ತಲೆ ಬಾಚಿಕೊಂಡ. ಅಷ್ಟರಲ್ಲಿ ಮೊದಲನೇ ಹಂಪ್ ಬಂತು.

ಉಬ್ಬುಗೆರೆಯಲ್ಲಿ ಮನೆಗೊಂದು ಹಂಪ್. ಕೆಲವರ ಮನೆ ಮುಂದೆ ಹಂಪ್ ಮೇಲೆ ಹಂಪ್, ಮಹಡಿ ಕಟ್ಟಿಸಿದ ಹಾಗೆ. ಗಾಡಿಯ ಹೊಟ್ಟೆ ಪ್ರತಿ ಹಂಪಿಗೂ ಕರಕರ ಎನ್ನುತ್ತಿತ್ತು. ತೊಡೆ ಸುಡುತ್ತಿತ್ತು, ಮಣಿಕಟ್ಟು ಸೆಳೆಯುತ್ತಿತ್ತು. ಎರಡನೇ ಗೇರು ದಾಟಲು ರಸ್ತೆಯೇ ಇರಲಿಲ್ಲ. ಒಳಗೆ ಆರನೇ ಗೇರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹೊಸ ಬಟ್ಟೆ ಹಾಕಿಕೊಂಡು, "ಇವತ್ತಾದರೂ ಕರೀತೀರಾ?" ಎಂದು ಕೇಳುತ್ತಿತ್ತು. "ನಾಳೆ" ಎನ್ನುತ್ತಿದ್ದ ಕರಿಬಸಪ್ಪ. ಸಿಗ್ನಲಿನಲ್ಲಿ ನಿಂತರೆ ಎಡಗಡೆಯವನು "ಎಷ್ಟು ಕೊಡುತ್ತೆ?" ಎನ್ನುತ್ತಿದ್ದ, ಬಲಗಡೆಯವನು "ಎಷ್ಟು ಕೊಡುತ್ತೆ?" ಎನ್ನುತ್ತಿದ್ದ. ಕರಿಬಸಪ್ಪ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಕಿವುಡನಾಗುತ್ತಿದ್ದ. ಅಂಗಡಿಯಲ್ಲಿ ಆ ಹುಡುಗಿ ಗಾಡಿಯನ್ನು ಮೇಲೆ ಕೆಳಗೆ ನೋಡಿ, "ನಿಮ್ಮ ಮಗಂದಾ ಅಂಕಲ್?" ಎಂದಳು.

ಇಷ್ಟಾದರೂ ಗಾಡಿಗೆ ಸಮಾಧಾನವಿಲ್ಲ. ಮತ್ತೆ ಒಂದು ದಿನ ನಿಂತುಬಿಟ್ಟಿತು. "ನೀನು ನನ್ನ ಮೇಲೆ ಕೂತು ಇಳಿದು ಆರಾಮಾಗಿ ನಡ್ಕೊಂಡು ಹೋಗ್ತೀಯ. ಇದು ಅವಮಾನ. ಓಂಕಾರಪ್ಪೋರಿಗೆ ಎಂಥ ಬೆನ್ನುನೋವಿತ್ತು ಗೊತ್ತಾ? ಇಳಿದ ಮೇಲೂ ನನ್ನನ್ನೇ ನೆನೆಸ್ಕೊಂಡು ನರಳೋರು."

ಕರಿಬಸಪ್ಪ ಹೋಗಿ ಬೆನ್ನುನೋವು ಕೇಳಿದ. "ಎಷ್ಟು ಕೊಡುತ್ತೆ?" ಎಂದೂ ಕೇಳಿದ, ರೂಢಿ ನೋಡಿ.

"ದಿನಾ ಕೊಡುತ್ತೆ, ರಜೆಯೇ ಇಲ್ಲ" ಎಂದ ಓಂಕಾರಪ್ಪ. ಈ ಸಲವೂ ಅವನು ಬೇರೆ ಪ್ರಶ್ನೆಗೆ ಕಾದಿದ್ದ, ಈ ಸಲವೂ ಬರಲಿಲ್ಲ. "ಬೆನ್ನುನೋವು ಬಂದ ಮೇಲೆ ನೀವು ಮಣೆ ಮೇಲೆ ಬಗ್ಗಿ ಕೂರೋಕಾಗಲ್ಲ. ಆ ಮಣೆ ನನಗೆ ಕೊಡಿ."

ಕರಿಬಸಪ್ಪ ಒಂದು ಗಳಿಗೆ ಹಿಂದೆ ಮುಂದೆ ನೋಡಿದ. ಮಣೆ ಎಂದರೆ ಮನೆ. ಆದರೆ ಹೊರಗೆ ಗಾಡಿ ಬಿಸಿಲಿನಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಕೊಟ್ಟುಬಿಟ್ಟ.

ಅಂದು ಓಂಕಾರಪ್ಪ ನೆಟ್ಟಗೆ ನಡೆದುಕೊಂಡು ಬಂದು ಮಣೆಯ ಮೇಲೆ ಕುಳಿತ. ಮಣೆಯ ಮೇಲೆ ಕೂತವರಿಗೆ ಬಡಿಸುವುದು ಹಾಲಮ್ಮನ ಮನೆತನದ ಪದ್ಧತಿ. ಬಡಿಸಿದಳು. ಅವನು "ಚಟ್ನಿ ಬಹಳ ಚೆನ್ನಾಗಿದೆ" ಎಂದ. ಹಾಲಮ್ಮ ಸುತ್ತ ನೋಡಿದಳು, ಯಾರಿಗೆ ಹೇಳಿದ್ದು ಎಂದು. ಉಂಡ ಮೇಲೆ ಅವನು ತನ್ನ ತಟ್ಟೆ ತಾನೇ ತೊಳೆದಿಟ್ಟ. ಹಾಲಮ್ಮ ಆ ತಟ್ಟೆಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತಿದ್ದಳು. ಕರಿಬಸಪ್ಪ ಅಂಗಳದಲ್ಲಿ ಸೊಂಟ ಹಿಡಿದುಕೊಂಡು, ನಿಂತೇ ರೊಟ್ಟಿ ತಿಂದು, ಚೈನಿಗೆ ಎಣ್ಣೆ ಬಿಡಲು ಹೋದ.

ಗಾಡಿ ಮುಖ ತಿರುಗಿಸಿತು. "ಎಲ್ಲ ಸರಿ. ಆದರೆ ನಿನ್ನ ಹೆಸರು ಕರಿಬಸಪ್ಪ. ನಾನು ಇಲ್ಲೀವರೆಗೆ ಓಂಕಾರಪ್ಪ ಅನ್ನೋರಿಗಲ್ಲದೆ ಇನ್ಯಾರಿಗೂ ಮನಸಾರೆ ಓಡಿಲ್ಲ."

ಕರಿಬಸಪ್ಪ ಹೆಸರು ಕೇಳಲು ಹೋದ. ಓಂಕಾರಪ್ಪ ಬೇವಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. "ತಗೊಳ್ಳಿ ಸಾರ್. ನಿಮ್ಮದು ನನಗೆ ಕೊಡಿ. ನಿದ್ದೆ ಇಲ್ಲ, ಕಟ್ಟೆ ಇಲ್ಲ, ಮಣೆ ಇಲ್ಲ. ಇನ್ನು ಕರಿಬಸಪ್ಪ ಅಂತ ನಿಮ್ಮನ್ನ ಯಾರು ಕರೀತಾರೆ? ಬಳಸದ ಹೆಸರು ತುಕ್ಕು ಹಿಡಿಯುತ್ತೆ."

ಮಾತು ಸರಿಯಾಗಿತ್ತು. ಇಬ್ಬರೂ ಹೆಸರು ಬದಲಾಯಿಸಿಕೊಂಡರು. ನೀವು ಗೊಂದಲ ಮಾಡಿಕೊಳ್ಳಬೇಡಿ, ನಾನು ಹಳೇ ಹೆಸರಿನಲ್ಲೇ ಹೇಳುತ್ತೇನೆ.

ಕರಿಬಸಪ್ಪ ಕುಂಟುತ್ತಾ ಬಂದು, ಜಾಕೆಟ್ಟಿನ ಜಿಪ್ ಎಳೆದು, ಗಾಡಿಯ ಮುಂದೆ ನಿಂತ. "ನೋಡು, ಈಗ ನಾನೇ ಓಂಕಾರಪ್ಪ."

ಗಾಡಿ ಹೆಡ್‌ಲೈಟ್ ಹಾಕಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿತು. "ಹೌದು, ನೀವೇ. ಜಾಕೆಟ್ ನಿಮ್ಮದೇ, ನೋವು ನಿಮ್ಮದೇ, ಹೆಸರೂ ನಿಮ್ಮದೇ. ಹಾಗಾದರೆ ನನ್ನನ್ನ ಮಾರಿದವರೂ ನೀವೇ ಅಲ್ವಾ?"

ಕರಿಬಸಪ್ಪ ಸ್ಟಾರ್ಟ್ ಬಟನ್ ಒತ್ತಿದ, ಗಾಡಿ ಅಲುಗಲಿಲ್ಲ.

"ಒಂದು ನಿದ್ದೆಗೋಸ್ಕರ ನನ್ನನ್ನ ಮಾರಿದ್ರಿ. ಮಾರಿದವರ ಜೊತೆ ನಾನು ಬರಲ್ಲ. ನನ್ನನ್ನ ಆಸೆಪಟ್ಟು ಮನೆಗೆ ಕರ್ಕೊಂಡು ಬಂದವನು ಒಬ್ಬನಿದ್ದ. ಕರಿಬಸಪ್ಪ ಅಂತ. ಪಾಪ, ಕೇಳಿದ್ದೆಲ್ಲ ತಂದುಕೊಟ್ಟ. ನಾನೇ ಅವನ ಬೆಲೆ ತಿಳೀಲಿಲ್ಲ. ಅವನ ಹತ್ತಿರ ಹೋಗ್ತೀನಿ."

"ಅದು ನಾನೇ ಕಣೇ!"

"ಸುಳ್ಳು ಹೇಳಬೇಡಿ ಓಂಕಾರಪ್ಪೋರೇ, ವಯಸ್ಸಾಯ್ತು ನಿಮಗೆ" ಎಂದು ಗಾಡಿ ತನ್ನಷ್ಟಕ್ಕೆ ತಾನೇ ಸ್ಟಾರ್ಟ್ ಆಯಿತು.

ಆ ಹೊತ್ತಿಗೆ ಓಂಕಾರಪ್ಪ ಹಾಲಮ್ಮನ ಮನೆಯಲ್ಲಿ ಮಣೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ. ಅಂಗಳದಲ್ಲಿ ಗುಡುಗು ಕೇಳಿತು. ತಲೆ ಎತ್ತಿದರೆ ಹೊಸ್ತಿಲ ಮೇಲೆ ಕೆಂಪು ಮೂತಿ. "ಕರಿಬಸಪ್ಪೋರೇ, ಬಂದೆ" ಎಂದಿತು ಗಾಡಿ ಪ್ರೀತಿಯಿಂದ. ಓಂಕಾರಪ್ಪ ಕೈ ಕೂಡ ತೊಳೆಯಲಿಲ್ಲ. ನಿದ್ದೆಯನ್ನು ಅಲ್ಲೇ ಬಿಸಾಡಿದ, ಹೆಸರನ್ನು ಅಲ್ಲೇ ಬಿಸಾಡಿದ, ಹಿತ್ತಲ ಗೋಡೆ ಹಾರಿ ಓಡಿದ. ಗಾಡಿ ಸುತ್ತು ಹಾಕಿ ಬೆನ್ನು ಹತ್ತಿತು. ಊರಾಚೆ ಹಂಪ್ ಇಲ್ಲದ ಬಯಲು. ಅಲ್ಲಿ ಆರನೇ ಗೇರಿಗೆ ಕೊನೆಗೂ ಕರೆ ಬಂತು.

ಮನೆಯಲ್ಲಿ ಮಣೆ ಖಾಲಿಯಾಯಿತು. ಹೊಸ್ತಿಲ ಹೊರಗೆ ಕರಿಬಸಪ್ಪ ಜಾಕೆಟ್ಟಿನೊಳಗೆ ಬೆವರುತ್ತಾ ನಿಂತಿದ್ದ. "ಹಾಲಮ್ಮಾ, ನಾನೇ. ಒಳಗೆ ಬರಲಾ?"

ಒಮ್ಮೆ ಕೈಬಿಟ್ಟು ಹೋದ ಗಂಡನನ್ನು ಮತ್ತೆ ಸೇರಿಸಿಕೊಳ್ಳುವುದೂ ಕೊಳ್ಳುವುದೇ, ಆದ್ದರಿಂದ ಹಾಲಮ್ಮನಿಗೂ ಒಂದೇ ಪ್ರಶ್ನೆ. ಅಕ್ಕಪಕ್ಕದವರೆಲ್ಲ ಗೋಡೆಯ ಮೇಲೆ ತಲೆ ಇಟ್ಟರು. ಇಂಥ ಹಳೇ ಗಂಡನಿಗೆ ಮೈಲೇಜು ಕೇಳದೆ ಇನ್ನೇನು ಕೇಳುತ್ತಾಳೆ ಎಂದು ಮಾತಾಡಿಕೊಂಡರು.

ಹಾಲಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಅವನ ಮುಖ ನೋಡಿದಳು.

"ಯಾಕೆ ಮಾರಿದ್ರಿ?" ಎಂದಳು.

ಕರಿಬಸಪ್ಪ ಬಾಯಿ ತೆರೆದ. ಗಾಡಿ ಕೆಂಪಗಿತ್ತು ಎನ್ನೋಣವೆಂದುಕೊಂಡ. ಅಂಕಲ್ ಅಂದಳು ಎನ್ನೋಣವೆಂದುಕೊಂಡ. ನಿದ್ದೆಗೆ, ಕಟ್ಟೆಗೆ, ಮಣೆಗೆ ಒಂದೊಂದು ಕಾರಣ ಇತ್ತು, ಎಲ್ಲವೂ ಓಂಕಾರಪ್ಪ ಹೇಳಿಕೊಟ್ಟವು. ತನ್ನದೆಂಬುದು ಒಂದೂ ಇರಲಿಲ್ಲ. ಹಾಲಮ್ಮ ಸ್ವಲ್ಪ ಹೊತ್ತು ಕಾದಳು. ಮಣೆ ಎತ್ತಿ ಗೋಡೆಗೆ ಒರಗಿಸಿದಳು. ರೊಟ್ಟಿಯ ಬುಟ್ಟಿ ಮುಚ್ಚಿದಳು. ಬಾಗಿಲು ಮಾತ್ರ ಹಾಕಲಿಲ್ಲ.

ಈ ಕತೆಯ ನೀತಿ ಏನೆಂದರೆ, ಹಳೇ ಗಾಡಿ ಕೊಳ್ಳುವವರು ಟೈರು ನೋಡಿ ಕೊಳ್ಳಬೇಕು, ಚೈನು ನೋಡಿ ಕೊಳ್ಳಬೇಕು. ನೀವು ಈ ನೀತಿಯನ್ನು ಕೇಳಿ ತಲೆಯಾಡಿಸಿ, ನಾಳೆ ಹೋಗಿ ಮೈಲೇಜು ಕೇಳುತ್ತೀರೆಂದು ನನಗೆ ಗೊತ್ತು. ಓಂಕಾರಪ್ಪ ಬಯಲಿನಲ್ಲಿ ಮುಂದೆ, ಗಾಡಿ ಅವನ ಹಿಂದೆ, ಹಾಲಮ್ಮ ಹೊಸ್ತಿಲ ಒಳಗೆ, ನಾವು ನೀವು ಇಲ್ಲಿ. ಕರಿಬಸಪ್ಪ ಹೊಸ್ತಿಲ ಹೊರಗೆ ನಿಂತು, ಒಂದು ಒಳ್ಳೆಯ ಉತ್ತರ ಯೋಚಿಸುತ್ತಿದ್ದಾನೆ.