ಮರುಳಯ್ಯನವರ ಕಡೆಯ ಕುಂಬಳ

ತುಂಗಭದ್ರೆಯ ದಂಡೆಯ ಒಂದು ಸಣ್ಣ ಆಶ್ರಮದಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ನವರಾತ್ರಿ ಬಂತೆಂದರೆ ಅವರು ದೊಡ್ಡದೊಂದು ಕುಂಬಳಕಾಯಿಯ ತಿರುಳು ತೆಗೆದು, ಮೈಮೇಲೆ ಚಿತ್ರ ಕೊರೆದು, ಒಳಗೆ ಹಣತೆ ಹಚ್ಚಿ ನದಿಯ ಮೆಟ್ಟಿಲ ಮೇಲೆ ಇಡುತ್ತಿದ್ದರು. ಒಂಬತ್ತು ಸಂಜೆ ಅದು ಬೆಳಗಬೇಕು.

ಬೇರೆಯವರು ಕೊರೆದ ಕುಂಬಳ ಮೂರನೇ ದಿನಕ್ಕೇ ಮೆತ್ತಗಾಗಿ ಕುಸಿಯುತ್ತಿತ್ತು. ಮರುಳಯ್ಯನವರದು ಒಂಬತ್ತು ದಿನ ದಾಟಿಯೂ ನಿಲ್ಲುತ್ತಿತ್ತು. ಅದನ್ನು ನೋಡಲೆಂದೇ ಆಚೆ ದಡದ ಜನ ಹರಿಗೋಲು ಹತ್ತಿ ಬರುತ್ತಿದ್ದರು. ಬರದೆ ಏನು ಮಾಡಿಯಾರು? ಅಂಥ ಕೈ ಅದು.

ಆ ವರ್ಷ ಬಳ್ಳಿಯ ನಡುವೆ ಒಂದು ಹಂಸ ಕೊರೆದರು. ಮುಗಿಸಿದವರೇ ಚಾಕುವನ್ನು ಶಿಷ್ಯ ಕೊಟ್ರೇಶಿಯ ಕೈಗಿಟ್ಟರು. ಕಣ್ಣು ಪೂರ್ತಿ ಮಂಜಾಗಿದೆ, ಇದೇ ಕಡೆಯದು ಎಂದರು.

ಕೊಟ್ರೇಶಿ ಆರು ವರ್ಷ ಆ ಚಾಕು ಮಸೆದವನು. ಅದರಿಂದ ಒಂದು ಗೆರೆಯನ್ನೂ ಎಳೆದವನಲ್ಲ. ಗುರುಗಳು ಕರೆದಾಗಲೆಲ್ಲ, ನಿಮ್ಮ ಮುಂದೆ ನಾನೆಷ್ಟರವನು ಎಂದು ಜಾರಿಕೊಳ್ಳುತ್ತಿದ್ದ. ಅದು ಭಕ್ತಿಯೋ ಪುಕ್ಕಲುತನವೋ ಅವನಿಗೇ ಗೊತ್ತಿರಲಿಲ್ಲ.

ಈಗ ಅವನಿಗೆ ಒಂದೇ ಚಿಂತೆ. ಈ ಕುಂಬಳ ಕೊಳೆತರೆ ಗುರುಗಳ ಕೆಲಸ ಇನ್ನೆಲ್ಲೂ ನೋಡಸಿಗುವುದಿಲ್ಲ.

“ಅಜ್ಜಾರ, ಇದನ್ನ ಉಳಿಸಿಕೊಳ್ಳೋದು ಹೆಂಗ?”

ಗುರುಗಳು ತಮಗೆ ತಿಳಿದದ್ದನ್ನೆಲ್ಲ ಹೇಳಿಕೊಟ್ಟರು. ಒಳಗಿನ ನಾರು ಒಂದೆಳೆಯೂ ಉಳಿಯದಂತೆ ಕೆರೆಯಬೇಕು, ಉಪ್ಪುನೀರಿನಲ್ಲಿ ತೊಳೆಯಬೇಕು. ಆರಿದ ಮೇಲೆ ಒಳಗೆ ತೆಳ್ಳಗೆ ಸುಣ್ಣ, ಕೊರೆದ ಅಂಚಿಗೆ ಎಣ್ಣೆ. ಹಗಲೆಲ್ಲ ನೆರಳಿನಲ್ಲಿಡಬೇಕು.

“ಇಷ್ಟು ಮಾಡಿದ್ರೂ ಕೊಳೀತೈತಿ. ಕೊಳೆತಲ್ಲಿ ಅವತ್ತ ಕೊಯ್ದು ತೆಗಿ. ಮುಲಾಜು ನೋಡಬ್ಯಾಡ.”

ಕೊಟ್ರೇಶಿ ಎಲ್ಲವನ್ನೂ ಮಾಡಿದ, ಕಡೆಯದೊಂದನ್ನು ಬಿಟ್ಟು.

ನಾಲ್ಕನೇ ದಿನ ಬಳ್ಳಿಯ ಒಂದು ಎಲೆಯ ಮೇಲೆ ಬೂಷ್ಟು ಕಾಣಿಸಿತು. ಚಾಕು ಎತ್ತಿದ. ಗುರುಗಳ ಗೆರೆಯ ಮೇಲೆ ಕೈಯೇ ಇಳಿಯಲಿಲ್ಲ. ಇನ್ನಷ್ಟು ಸುಣ್ಣ ಮೆತ್ತಿ ಮುಚ್ಚಿಬಿಟ್ಟ.

ಮರುದಿನ ಆ ಎಲೆ ಕುಸಿದಿತ್ತು. ಪಕ್ಕದ ಎರಡು ಎಲೆ ಕಪ್ಪಾಗಿದ್ದವು. ಅಳುತ್ತಾ ಗುರುಗಳ ಹತ್ತಿರ ಹೋಗಿ ನಡೆದದ್ದು ಹೇಳಿದ. ಅವರು ಬಯ್ಯಲಿಲ್ಲ. ಚಾಕು ಮಸೆದಿದ್ದೀಯೋ ಇಲ್ಲವೋ ಎಂದಷ್ಟೇ ಕೇಳಿದರು.

ಆವತ್ತು ಕೊಯ್ದ. ಕೊಯ್ದ ಜಾಗ ಬಾಯಿ ತೆರೆದುಕೊಂಡು ಅಸಹ್ಯವಾಗಿ ಕಂಡಿತು. ಹಾಗೇ ಬಿಡಲು ಮನಸ್ಸಾಗದೆ ಅದರ ಅಂಚನ್ನೇ ತಿದ್ದಿ ಬಳ್ಳಿಯ ಕುಡಿ ಮಾಡಿದ. ಎಣ್ಣೆ ಸವರಿದ.

ಆಮೇಲೆ ದಿನಕ್ಕೆ ಒಂದೆರಡು ಕಡೆ ಕೊಯ್ಯುವುದು, ಕೊಯ್ದಲ್ಲೆಲ್ಲ ಹೊಸದಾಗಿ ತಿದ್ದುವುದು ಆಯಿತು. ಎಂಟನೇ ದಿನ ಹಂಸದ ಕೊಕ್ಕೇ ಹೋಯಿತು. ಉಳಿದಷ್ಟರಲ್ಲಿ ನೇರ ಕುತ್ತಿಗೆಗೆ ಜಾಗವಿರಲಿಲ್ಲ. ಕೊಟ್ರೇಶಿ ಬೆಳಗಿನಿಂದ ಅದನ್ನೇ ನೋಡುತ್ತಾ ಕೂತು, ಕಡೆಗೆ ಕುತ್ತಿಗೆಯನ್ನು ಹಿಂದಕ್ಕೆ ಹೊರಳಿಸಿದ. ಊಟಕ್ಕೆ ಕರೆದದ್ದು ಅವನಿಗೆ ಕೇಳಿಸಲೇ ಇಲ್ಲ.

ಒಂಬತ್ತು ಸಂಜೆಯೂ ದೀಪ ಬೆಳಗಿತು. ಹದಿಮೂರನೇ ದಿನ ಬೆಳಿಗ್ಗೆ ಅವನು ಕುಂಬಳವನ್ನು ಎತ್ತಿಕೊಂಡು ಬಂದು ಗುರುಗಳ ತೊಡೆಯ ಮೇಲಿಟ್ಟ. ಇಷ್ಟು ದಿನ ಯಾವುದೂ ಬಾಳಿರಲಿಲ್ಲ ಎಂದು ಹಿಗ್ಗಿ ಹೇಳಿದ.

ಮರುಳಯ್ಯನವರು ಬೆರಳಿನಿಂದಲೇ ನೋಡಿದರು. ಬಳ್ಳಿ ಮುಗಿಸಿ ಹಂಸಕ್ಕೆ ಬಂದರು. ಕುತ್ತಿಗೆಯ ಹತ್ತಿರ ಬೆರಳು ನಿಂತಿತು.

“ನನ್ನ ಹಂಸ ಮುಂದಕ್ಕ ನೋಡ್ತಿತ್ತು.”

ಕೊಟ್ರೇಶಿ ಆಗಲೇ ಕುಂಬಳವನ್ನು ಸರಿಯಾಗಿ ನೋಡಿದ್ದು. ಎಲೆಯ ಮೇಲೆ, ಕುಡಿಯ ಮೇಲೆ, ರೆಕ್ಕೆಯ ಮೇಲೆ ಗುರುಗಳ ಗೆರೆ ಹುಡುಕಿದ. ಒಂದೂ ಇರಲಿಲ್ಲ. ದಿನಕ್ಕಿಷ್ಟು ಕೊಯ್ದು ಎಲ್ಲವನ್ನೂ ತಾನೇ ತೆಗೆದುಹಾಕಿದ್ದ. ಕಾಲಿಗೆ ಬಿದ್ದು, ಕಾಯಲು ಕೊಟ್ಟದ್ದನ್ನೇ ಕಳೆದೆ ಎಂದು ಬಿಕ್ಕಿದ.

ಗುರುಗಳ ಗಮನ ಅವನ ಕಡೆ ಇರಲೇ ಇಲ್ಲ. ಬೆರಳು ಆ ಕುತ್ತಿಗೆಯ ಮೇಲೆ ಮತ್ತೆ ಮತ್ತೆ ಓಡಾಡುತ್ತಿತ್ತು. ಮುಖ ಅರಳಿತ್ತು. ನಲವತ್ತು ವರ್ಷ ಹಂಸ ಕೊರೆದರೂ ಹೀಗೆ ಹೊರಳಿಸುವುದು ತಮಗೊಮ್ಮೆಯೂ ಹೊಳೆಯಲಿಲ್ಲವಲ್ಲ ಎಂದು ಮಗುವಿನಂತೆ ಖುಷಿಪಟ್ಟರು.

ಆಮೇಲೆ ಎದ್ದು, ತಡವುತ್ತಾ ಮೆಟ್ಟಿಲಿಳಿದು, ಕುಂಬಳವನ್ನು ಹೊಳೆಗೆ ಬಿಟ್ಟರು. ಅದು ಎರಡು ಮಾರು ತೇಲಿ, ನೀರು ತುಂಬಿ ಮುಳುಗಿತು.

ಕೊಟ್ರೇಶಿ ಓಡಿಬಂದ. 

“ಅಜ್ಜಾರ, ಇನ್ನ ಉಳಿದದ್ದಾದ್ರೂ ಏನು?”

“ಒಂದು ಹೊಸಾ ಕಾಯಿ ತಗೊಂಡು ಬಾ ತಮ್ಮಾ. ಏನು ಉಳೀತು ಅಂತ ನೀನ ಕೊರದು ತೋರ್ಸು.”